ಮಾರ್ಫಿನ್‌ಗೆ ಹೆದರೋ ಮನೇಲಿ ಟ್ರಮಡಾಲ್ ಶೀಟು

ಮಾರ್ಫಿನ್ ಅಂದ್ರೆ ಸಾಕು, ನಮ್ಮ ಕಡೆ ಜನ ದನಿ ತಗ್ಗಿಸ್ತಾರೆ. ಯಾರದಾದ್ರೂ ಮನೇಲಿ ಶುರು ಮಾಡಿದಾರೆ ಅಂತ ಗೊತ್ತಾದ್ರೆ ಮೊದಲು ಬರೋ ಪ್ರಶ್ನೆ "ಡಾಕ್ಟ್ರು ಎಷ್ಟು ದಿನ ಅಂದ್ರಂತೆ?" ಅನ್ನೋದು. ಅದೇ ಜನ ಮೆಣಸು ಕೊಯ್ಲಲ್ಲಿ ಏಣಿ ಹತ್ತಿ ಇಳಿದು ಸೊಂಟ ಹಿಡ್ಕೊಂಡ್ರೆ ಪೇಟೆ ಮೆಡಿಕಲ್ಲಿಗೆ ಹೋಗಿ "ಹೋದ್ಸಲ ಕೊಟ್ರಲ್ಲ, ಆ ಪವರ್ ಇರೋದು ಕೊಡಿ" ಅಂತ ಟ್ರಮಡಾಲ್ ಶೀಟು ಇಸ್ಕೊಂಡು ಜೇಬಿಗೆ ಹಾಕ್ಕೊಂಡು ಬರ್ತಾರೆ, ಸಾಯಂಕಾಲ ಅದರ ಮೇಲೆ ಎರಡು ಪೆಗ್ಗೂ ಬೀಳುತ್ತೆ, ಆಗ ಯಾರೂ ದನಿ ತಗ್ಗಿಸಲ್ಲ. ಎರಡೂ ಒಂದೇ ಜಾತಿಯ ನೋವಿನ ಔಷಧಿ, ಓಪಿಯಾಯ್ಡ್. ಒಂದು ಅಫೀಮಿಂದ ತೆಗೆದಿದ್ದು, ಇನ್ನೊಂದು ಲ್ಯಾಬಲ್ಲಿ ಮಾಡಿದ್ದು, ಬಲದಲ್ಲಿ ಒಂದಕ್ಕೊಂದು ಅಜಗಜಾಂತರ ಇದೆ, ಆದ್ರೆ ಮೆದುಳಲ್ಲಿ ಹೋಗಿ ಕೂರೋ ಜಾಗ ಒಂದೇ. ಒಂದು ಮಳೆಗಾಲ ಪೂರ್ತಿ ನಮ್ಮ ಕುಟುಂಬದಲ್ಲಿ ಎರಡೂ ಇದ್ವು. ಅಪ್ಪನಿಗೆ ಮಾರ್ಫಿನ್, ಭಾವನಿಗೆ ಟ್ರಮಡಾಲ್. ತೊಂದ್ರೆ ಆಗಿದ್ದು ಯಾರಿಗೆ ಅಂತ ಕೇಳಿದ್ರೆ ನಮ್ಮ ನೆಂಟರು ಈಗ್ಲೂ ತಪ್ಪು ಉತ್ತರ ಹೇಳ್ತಾರೆ.

ನಮ್ಮಪ್ಪ ಮೂಡಿಗೆರೆ ಹತ್ರದ ಕಾಫಿ ತೋಟ ಒಂದರಲ್ಲಿ ರೈಟ್ರಾಗಿದ್ದೋರು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ, ಕೊಯ್ಲಿನ ಕೇಜಿ ಲೆಕ್ಕ, ಇದರಲ್ಲೇ ಆಯಸ್ಸು ಕಳೆದೋರು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ಬೆನ್ನು, ಸೊಂಟ, ತೊಡೆ ಎಲ್ಲಾ ನೋವು, ಮಗ್ಗುಲು ಬದಲಾಯಿಸೋಕೂ ಇಬ್ಬರು ಬೇಕು. ಪ್ಯಾರಾಸಿಟಮಾಲ್ ಆಯ್ತು, ಅದಕ್ಕಿಂತ ಸ್ವಲ್ಪ ಮೇಲಿನದೂ ಆಯ್ತು, ಕೊನೆಗೆ ಹಾಸನದಲ್ಲಿ ನೋಡ್ತಿದ್ದ ಡಾಕ್ಟ್ರು ಮಾರ್ಫಿನ್ ಬರೀತೀನಿ ಅಂದ್ರು. ಅದೇನು ಅವರ ಸ್ವಂತ ಪ್ರಯೋಗ ಅಲ್ಲ, ಕ್ಯಾನ್ಸರ್ ನೋವಿಗೆ ಹಿಂಗೇ ಮೆಟ್ಟಿಲು ಹತ್ತಿದಂಗೆ ಔಷಧಿ ಏರಿಸ್ತಾ ಹೋಗ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಅಮ್ಮ ಮಾತ್ರ "ಅದು ಕೊನೆಗಿರ್ಲಿ ಡಾಕ್ಟ್ರೇ, ಈಗ್ಲೇ ಕೊಟ್ಬಿಟ್ರೆ ಆಮೇಲೆ ಏನ್ ಕೊಡ್ತೀರಿ?" ಅಂದ್ಲು. ದೊಡ್ಡಪ್ಪ ಫೋನಲ್ಲೇ "ಅಫೀಮು ತಿನ್ಸಿ ಮಲಗಿಸ್ಬಿಡ್ತಾರೆ ಕಣೇ, ಬೇಡ ಅನ್ನು" ಅಂತ ಕೂಗಾಡಿದ್ರು.

ಆ ಡಾಕ್ಟ್ರು ತಾಳ್ಮೆಯಿಂದ ಕೂತು ಹೇಳಿದ್ದು ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ. ಮಾರ್ಫಿನ್‌ಗೆ ಇಷ್ಟೇ ಮೇಲ್ಮಿತಿ ಅಂತ ಇಲ್ಲ, ನೋವು ಜಾಸ್ತಿ ಆದ್ರೆ ನೋಡ್ಕೊಂಡು ಏರಿಸಬಹುದು, ನೋವು ಕಮ್ಮಿ ಆದ್ರೆ (ರೇಡಿಯೇಶನ್ ಆದ್ಮೇಲೆ ಎಷ್ಟೋ ಜನಕ್ಕೆ ಆಗುತ್ತೆ) ಇಳಿಸಬಹುದು, ಮುಂದಕ್ಕೆ ಅಂತ ಉಳಿಸಿ ಇಡೋ ಸಾಮಾನಲ್ಲ ಇದು. ನೋವು ಬಂದ್ಮೇಲೆ ಮಾತ್ರೆ ಹುಡುಕೋದು ಬೆಂಕಿ ಹತ್ತಿದ್ಮೇಲೆ ಬಾವಿ ತೋಡಿದಂಗೆ, ಅದಕ್ಕೇ ಗಡಿಯಾರ ನೋಡಿ ಕೊಡಿ, ಮುಖ ನೋಡಿ ಕೊಡ್ಬೇಡಿ ಅಂದ್ರು. ಸಾದಾ ಮಾತ್ರೆ ಆದ್ರೆ ಅದರ ಕೆಲಸ ಸುಮಾರು ನಾಲ್ಕು ಗಂಟೆ. ಹನ್ನೆರಡು ಗಂಟೆ ಬರೋ ನಿಧಾನದ ಮಾತ್ರೆ ಬೇರೆ ಇದೆ, ಅದನ್ನ ಯಾವ ಕಾರಣಕ್ಕೂ ಪುಡಿ ಮಾಡೋ ಹಂಗಿಲ್ಲ, ಜಗಿಯೋ ಹಂಗಿಲ್ಲ. ಪುಡಿ ಮಾಡಿದ್ರೆ ಹನ್ನೆರಡು ಗಂಟೆದು ಒಂದೇ ಸಲಕ್ಕೆ ಮೈಗೆ ಇಳಿಯುತ್ತೆ. ನಮ್ಮಲ್ಲಿ ವಯಸ್ಸಾದೋರಿಗೆ ಮಾತ್ರೆ ನುಂಗೋಕಾಗಲ್ಲ ಅಂತ ಒರಳಲ್ಲಿ ಜಜ್ಜಿ ಬಾಳೆಹಣ್ಣಲ್ಲಿ ಇಟ್ಟು ಕೊಡೋದು ಎಲ್ಲಾ ಮನೇಲೂ ಇರೋ ಅಭ್ಯಾಸ, ಹಂಗಾಗಿ ಇದನ್ನ ಒತ್ತಿ ಹೇಳ್ತಿದೀನಿ.

ಅಪ್ಪ ಏನ್ ಮಾಡಿದ್ರು ಅಂದ್ರೆ, ತಮ್ಮನ ಕೈಲಿ ಹಳೇ ಚೆಕ್‌ರೋಲ್ ಪುಸ್ತಕ ತರಿಸಿದ್ರು. ತೋಟದ ಆಳುಗಳ ಹಾಜರಿ ಬರೆಯೋ ಉದ್ದ ಪುಸ್ತಕ, ಒಂದೊಂದು ಹೆಸರಿನ ಮುಂದೆ ತಿಂಗಳಿನ ದಿನಕ್ಕೊಂದೊಂದು ಸಣ್ಣ ಮನೆ. ಹೆಸರು ಬರೆಯೋ ಜಾಗದಲ್ಲಿ "ಬೆಳಿಗ್ಗೆ 6", "10", "ಮಧ್ಯಾಹ್ನ 2" ಅಂತ ಬರೆದು, ಮಾತ್ರೆ ತಗೊಂಡಾಗೆಲ್ಲ ಆಳಿಗೆ ಹಾಜರಿ ಹಾಕ್ದಂಗೆ ಒಂದು ಗೀಟು. ಅದರ ಕೆಳಗೆ ನೋವು ಹತ್ತಕ್ಕೆ ಎಷ್ಟು. ಇನ್ನೂ ಕೆಳಗಿನ ಸಾಲಲ್ಲಿ ಬರೀ "ಕ" ಅಂತ, ಅಂದ್ರೆ ಕಕ್ಕಸು ಆಯ್ತೋ ಇಲ್ವೋ. ಮಧ್ಯೆ ತಡ್ಕೊಳೋಕಾಗದ ನೋವು ಬಂದು ಎಕ್ಸ್‌ಟ್ರಾ ಮಾತ್ರೆ ತಗೊಂಡ್ರೆ ಅದಕ್ಕೆ ಕೆಂಪು ಪೆನ್ನಲ್ಲಿ "ಓಟಿ", ಅಂದ್ರೆ ಓವರ್‌ಟೈಮು. ಡಾಕ್ಟ್ರು ಮುಂದಿನ ಸಲ ಆ ಪುಸ್ತಕ ನೋಡಿ ನಕ್ಕುಬಿಟ್ರು, ಆಮೇಲೆ ಸುಮ್ನೆ ಅದನ್ನೇ ತಿರುವಿ ಹಾಕ್ತಾ ಕೂತು ಡೋಸ್ ಬದಲಾಯಿಸಿದ್ರು. ಕೆಂಪು ಗೀಟು ಎಷ್ಟಿದೆ ಅನ್ನೋದೇ ಅವರಿಗೆ ಬೇಕಿದ್ದ ಲೆಕ್ಕ, ಓಟಿ ಜಾಸ್ತಿ ಇದ್ರೆ ದಿನದ ಡೋಸ್ ಸಾಲ್ತಿಲ್ಲ ಅಂತ ಅರ್ಥ. ನೋವು ಎಷ್ಟಿದೆ ಅಂತ ಬಾಯಲ್ಲಿ ಕೇಳಿದ್ರೆ ನಮ್ಮ ಕಡೆ ಗಂಡಸರು "ಪರವಾಗಿಲ್ಲ, ಸ್ವಲ್ಪ ವಾಸಿ" ಅಂತಾನೇ ಹೇಳೋದು, ಕಾಲು ಮುರಿದು ನೇತಾಡ್ತಿದ್ರೂ ಅಷ್ಟೇ. ಬರೆಯೋಕೆ ಕೊಟ್ರೆ ಮಾತ್ರ ಸತ್ಯ ಬರುತ್ತೆ.

ಆ "ಕ" ಸಾಲಿನ ಬಗ್ಗೆ ಇನ್ನೊಂದು ಸ್ವಲ್ಪ ಹೇಳ್ಬೇಕು, ಮುಜುಗರ ಪಟ್ಕೊಂಡ್ರೆ ಆಗಲ್ಲ. ಓಪಿಯಾಯ್ಡ್ ತಗೊಂಡೋರಿಗೆ ಮೊದಮೊದಲು ವಾಕರಿಕೆ ಬರುತ್ತೆ, ಮಂಪರು ಬರುತ್ತೆ, ಕೆಲವು ದಿನಕ್ಕೆ ಮೈ ಒಗ್ಗಿ ಎರಡೂ ಕಮ್ಮಿ ಆಗುತ್ತೆ. ಹೊಟ್ಟೆ ಕಟ್ಕೊಳ್ಳೋದು ಮಾತ್ರ ಒಗ್ಗಲ್ಲ. ಮಾತ್ರೆ ಇರೋವರೆಗೂ ಅದು ಇದ್ದೇ ಇರುತ್ತೆ, ಯಾಕಂದ್ರೆ ಈ ಔಷಧಿ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತೆ. ಅದಕ್ಕೇ ಮಾರ್ಫಿನ್ ಬರೆದ ದಿನಾನೇ ಅದರ ಜೊತೆಗೆ ಭೇದಿ ಮಾತ್ರೇನೂ ಬರೀಬೇಕು, ಬರೀದಿದ್ರೆ ಕೇಳಿ ಬರೆಸ್ಕೋಬೇಕು. ನಮ್ಮತ್ತೆ ಇಸಬ್‌ಗೋಲ್ ಕಲಸಿ ಕೊಡು ಅಂದ್ರು, ಬೇರೆ ಟೈಮಲ್ಲಾದ್ರೆ ಸರಿ, ಆದ್ರೆ ಕರುಳೇ ನಿಧಾನ ಆಗಿರೋವಾಗ, ರೋಗಿ ನೀರೂ ಸರಿಯಾಗಿ ಕುಡೀದೆ ಇದ್ದಾಗ, ಆ ಹೊಟ್ಟು ಒಳಗೇ ಉಬ್ಬಿ ಇನ್ನೂ ಗಟ್ಟಿ ಆಗಿ ಕೂತ್ಬಿಡುತ್ತೆ. ಬಿಸಾಕೋಡಿಲ್, ಸೆನ್ನಾ ಥರ ಕರುಳನ್ನ ತಳ್ಳೋದು, ಇಲ್ಲಾ ಲ್ಯಾಕ್ಟುಲೋಸ್ ಥರ ಮೆತ್ತಗೆ ಮಾಡೋದು ಬೇಕು ಅಂತ ಡಾಕ್ಟ್ರು ಹೇಳಿದ್ರು. ಎಷ್ಟೋ ಜನ ಮಾರ್ಫಿನ್ ಬಿಟ್ಟುಬಿಡೋದು ಅದಕ್ಕೆ ಹೆದರಿ ಅಲ್ಲ, ಈ ಹೊಟ್ಟೆ ಬಾಧೆ ತಡೀಲಾರದೆ.

ಶುರು ಮಾಡಿದ ಮೊದಲ ಎರಡು ಮೂರು ದಿನ ಅಪ್ಪ ಬರೀ ನಿದ್ದೆ. ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತು "ನೋಡು, ನಾನ್ ಹೇಳ್ಲಿಲ್ವಾ" ಅಂದ್ರು. ನಿಜ ಹೇಳ್ಬೇಕಂದ್ರೆ ಅಪ್ಪ ಅದಕ್ಕೆ ಮುಂಚೆ ನೋವಿಂದ ವಾರಗಟ್ಲೆ ನಿದ್ದೇನೇ ಮಾಡಿರ್ಲಿಲ್ಲ, ಬಾಕಿ ನಿದ್ದೆ ಎಲ್ಲ ಒಟ್ಟಿಗೆ ತೀರಿಸ್ತಿದ್ರು. ಕರೆದ್ರೆ ಕಣ್ಣು ಬಿಡ್ತಿದ್ರು, ಗಂಜಿ ಕುಡೀತಿದ್ರು, ಯಾರು ಬಂದ್ರು ಅಂತ ಕೇಳ್ತಿದ್ರು. ನಾಲ್ಕನೇ ದಿನ ಎದ್ದು ಗೋಡೆಗೆ ಒರಗಿ ಕೂತು, ಈ ಸಲ ಅರೇಬಿಕಾ ರೇಟು ಎಷ್ಟು ಅಂತ ಕೇಳಿದ್ರು. ಎಬ್ಬಿಸಿದ್ರೆ ಏಳೋ ನಿದ್ದೆಗೂ ಎಬ್ಬಿಸಿದ್ರೂ ಏಳದ ನಿದ್ದೆಗೂ ವ್ಯತ್ಯಾಸ ಇದೆ, ಮನೆಯೋರಿಗೆ ಗೊತ್ತಿರಬೇಕಾದ್ದು ಎರಡನೇದು. ಅಲ್ಲಾಡಿಸಿ ಕೂಗಿದ್ರೂ ಎಚ್ಚರ ಆಗ್ತಿಲ್ಲ, ಉಸಿರು ತುಂಬಾ ನಿಧಾನ, ನಿಮಿಷಕ್ಕೆ ಎಂಟು ಹತ್ತಕ್ಕೆ ಇಳಿದಿದೆ, ಗಂಟಲಲ್ಲಿ ಗೊರಗೊರ ಸದ್ದು, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣ, ಇಂಥದ್ದು ಕಂಡ್ರೆ ನಿದ್ದೆ ಮಾಡ್ತಿದಾರೆ ಪಾಪ ಅಂತ ಬಿಡೋ ಹಂಗಿಲ್ಲ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡ್ಬೇಕು, ಏನು ಔಷಧಿ ಎಷ್ಟು ತಗೊಂಡಿದಾರೆ ಅಂತ ಮೊದಲೇ ಹೇಳ್ಬೇಕು. ಅದಕ್ಕೆ ನಲಾಕ್ಸೋನ್ ಅನ್ನೋ ಪ್ರತ್ಯೌಷಧಿ ಇದೆ, ಆಸ್ಪತ್ರೆಲಿ ಇಂಜೆಕ್ಷನ್ ಕೊಡ್ತಾರೆ.

ನಮಗೆ ಅಷ್ಟರ ಮಟ್ಟಕ್ಕೆ ಹೋಗ್ಲಿಲ್ಲ, ಹತ್ರ ಹತ್ರ ಹೋಗಿತ್ತು. ಆಷಾಢದ ಮಳೆ, ಕರೆಂಟಿಲ್ಲ, ಅಪ್ಪನಿಗೆ ವಾಂತಿ ಭೇದಿ ಶುರುವಾಗಿ ನೀರೂ ಒಳಗೆ ನಿಲ್ತಿರ್ಲಿಲ್ಲ. ಮಾರನೇ ದಿನ ಮಂಪರು ಜಾಸ್ತಿ ಆಯ್ತು, ಮಲಗಿದಲ್ಲೇ ಕೈ ಕಾಲು ತಟ್ ತಟ್ ಅಂತ ಎಗರೋದು, ಇಲ್ಲದೇ ಇರೋ ಆಳುಗಳ ಹೆಸರು ಕರೆಯೋದು. ಡೋಸ್ ಏನೂ ಬದಲಾಗಿರ್ಲಿಲ್ಲ, ಚೆಕ್‌ರೋಲಲ್ಲಿ ಎಲ್ಲಾ ಗೀಟೂ ಸರಿ ಇತ್ತು. ತಮ್ಮ ಮನೆ ಹಿಂದಿನ ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗೋ ಬಂಡೆ ಮೇಲೆ ಕೊಡೆ ಹಿಡ್ಕೊಂಡು ನಿಂತು ಡಾಕ್ಟ್ರಿಗೆ ಪುಸ್ತಕ ನೋಡಿ ಓದಿ ಹೇಳ್ದ. ಅವರಿಗೆ ಕೈಕಾಲು ಎಗರೋದು ಕೇಳಿದ ತಕ್ಷಣ ಗೊತ್ತಾಯ್ತು. ಮಾರ್ಫಿನ್ ಲಿವರಲ್ಲಿ ಒಡೆದು ಆಗೋ ಪದಾರ್ಥಗಳು ಕಿಡ್ನಿ ಮೂಲಕ ಆಚೆ ಹೋಗ್ಬೇಕು, ಮೈಯಲ್ಲಿ ನೀರು ಇಂಗಿ ಕಿಡ್ನಿ ಸೋತ್ರೆ ಅವು ಒಳಗೇ ಸೇರ್ತಾ ಹೋಗ್ತವೆ, ಆಗ ನಿನ್ನೆ ಸರಿಯಾಗಿದ್ದ ಡೋಸೇ ಇವತ್ತು ಹೆಚ್ಚಾಗುತ್ತೆ. ಮುಂದಿನ ಮಾತ್ರೆ ನಿಲ್ಲಿಸಿ ಕರ್ಕೊಂಡು ಬನ್ನಿ ಅಂದ್ರು, ಬೇಲೂರು ಮೇಲೆ ಹಾಸನಕ್ಕೆ ಹೋಗಿ ಡ್ರಿಪ್ ಹಾಕಿಸಿ, ಕಿಡ್ನಿ ಹೆಂಗಿದೆ ಅಂತ ಗೊತ್ತಾಗೋಕೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿ, ಡೋಸ್ ಕಮ್ಮಿ ಮಾಡಿ ವಾಪಸ್ ಕಳಿಸಿದ್ರು. ಹಂಗಾಗಿ ಮನೇಲಿ ಮಾರ್ಫಿನ್ ತಗೊಳ್ಳೋರಿದ್ರೆ ವಾಂತಿ ಭೇದಿ, ಉಚ್ಚೆ ಕಮ್ಮಿ ಆಗೋದು, ಇಂಥವನ್ನ "ಮಳೆಗಾಲ ಅಲ್ವಾ" ಅಂತ ಬಿಡ್ಬೇಡಿ.

ಇನ್ನು ಚಟ ಆಗಿಬಿಡುತ್ತೆ ಅನ್ನೋ ಭಯ. ದಿನಾ ತಗೊಂಡ್ರೆ ಮೈಗೆ ಅಭ್ಯಾಸ ಆಗುತ್ತೆ, ನಿಜ, ತಟ್ಟನೆ ನಿಲ್ಲಿಸಿದ್ರೆ ಮೈ ಪ್ರತಿಭಟನೆ ಮಾಡುತ್ತೆ. ಚಟ ಅಂದ್ರೆ ಬೇರೆ. ನೋವಿಗಲ್ದೆ ಆ ಮತ್ತಿಗೋಸ್ಕರ ಬೇಕು ಅನ್ಸೋದು, ಕೆಲಸ ಸಂಸಾರ ಹಾಳಾಗ್ತಿದ್ರೂ ಬಿಡೋಕಾಗದೆ ಇರೋದು, ಸುಳ್ಳು ಹೇಳಿ ತರೋದು. ಅಪ್ಪನಿಗೆ ಮೊದಲನೇದು ಇತ್ತು, ಎರಡನೇದು ಇರ್ಲಿಲ್ಲ. ಮಾತ್ರೆ ಇದ್ದಿದ್ರಿಂದಾನೇ ಅವರು ಜಗಲಿಗೆ ಬಂದು ಕೂತು ಪೇಪರ್ ಓದಿದ್ದು, ಮೊಮ್ಮಗಳಿಗೆ ಮಗ್ಗಿ ಹೇಳ್ಕೊಟ್ಟಿದ್ದು. ಚಟ ಆದೋನು ಮಗ್ಗಿ ಹೇಳ್ಕೊಡಲ್ಲ.

ಹಂಗಂತ ಇದು ಸುಲಭವಾಗಿ ಸಿಗೋ ಔಷಧೀನೂ ಅಲ್ಲ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಲ್ಲೇ ಅಫೀಮು ಬೆಳೀತಾರೆ, ಘಾಜಿಪುರ ಮತ್ತೆ ನೀಮಚ್‌ನಲ್ಲಿ ಸರ್ಕಾರಿ ಕಾರ್ಖಾನೆಗಳೇ ಇದಾವೆ. ಮದುವೆ ಊಟದಲ್ಲಿ ಗಸಗಸೆ ಪಾಯಸ ಕುಡಿದು ಕಣ್ಣು ಎಳೀತಿದೆ ಅಂತ ತಮಾಷೆ ಮಾಡ್ತೀವಲ್ಲ, ಆ ಗಸಗಸೆನೂ ಅದೇ ಗಿಡದ ಬೀಜ (ನಿದ್ದೆ ಬರೋದು ಹೆಚ್ಚಾಗಿ ಹೋಳಿಗೆ ತುಪ್ಪದಿಂದ ಅನ್ನೋದು ನನ್ನ ಅನುಮಾನ). ಬೆಳೆಯೋ ದೇಶ ನಮ್ಮದೇ ಆದ್ರೂ, 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ಕಾಯ್ದೆ) ಬಂದ್ಮೇಲೆ ಲೈಸೆನ್ಸು, ಪರ್ಮಿಟ್ಟು, ಜೈಲಿನ ಭಯ ಅಂತ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ವು. 2014ರ ತಿದ್ದುಪಡಿಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗೆ ನಿಯಮ ಸಡಿಲ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಕೋಬಹುದು ಅಂತ ಮಾಡಿದ್ರು. ಆದ್ರೂ ತಾಲೂಕು ಮಟ್ಟದಲ್ಲಿ ಸಿಗೋದು ಕಷ್ಟಾನೇ. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಶುರು ಮಾಡಿದ ನೋವಿನ ಕ್ಲಿನಿಕ್ ಬೆಳೆದು, 2008ಕ್ಕೆ ಸರ್ಕಾರನೇ ಇಂಥ ನೋವು ಶಮನದ ಆರೈಕೆಗೆ ಅಂತ ಒಂದು ನೀತಿ ಮಾಡ್ತು. ನಮ್ಮಲ್ಲಿ ಬೆಂಗಳೂರಿಗೆ ಹೋದ್ರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕೊನೆಗಾಲದ ರೋಗಿಗಳನ್ನ ನೋಡ್ಕೊಳ್ಳೋ ಕರುಣಾಶ್ರಯ ಇದೆ. ಕಳಸದಿಂದಲೋ ಕೊಪ್ಪದಿಂದಲೋ ಮೂಳೆ ನೋವಿನ ರೋಗಿನ ಕೂರಿಸ್ಕೊಂಡು ಆ ರೋಡಲ್ಲಿ ಬೆಂಗಳೂರಿಗೆ ಹೋಗೋದು ಅಂದ್ರೆ ಏನು ಅಂತ ಹೋದೋರಿಗೇ ಗೊತ್ತು.

ಈಗ ಭಾವನ ವಿಷಯ. ಜೀಪಲ್ಲಿ ತೋಟದ ರಸ್ತೆ ಸುತ್ತಿ ಸುತ್ತಿ ಸೊಂಟ ಹೋಗಿತ್ತು. ಒಂದ್ಸಲ ಡಾಕ್ಟ್ರು ಐದು ದಿನಕ್ಕೆ ಅಂತ ಟ್ರಮಡಾಲ್ ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಬರೆದ್ರು. ಆ ಚೀಟಿ ಮಾಸಿ ಹರಿದು ಹೋದ್ಮೇಲೂ ಮಾತ್ರೆ ಮಾತ್ರ ಬರ್ತಾನೇ ಇತ್ತು. ಟ್ರಮಡಾಲ್ ಶೆಡ್ಯೂಲ್ ಎಚ್1 ಪಟ್ಟಿಲಿದೆ, ಅಂಗಡಿಯೋರು ಡಾಕ್ಟ್ರ ಹೆಸರು, ರೋಗಿ ಹೆಸರು, ಎಷ್ಟು ಕೊಟ್ವಿ ಅಂತ ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡ್ಬೇಕು. 2018ರಲ್ಲಿ ಅದನ್ನ ಎನ್‌ಡಿಪಿಎಸ್ ಒಳಗೂ ತಂದ್ರು. ಕಾಗದದ ಮೇಲೆ ಎಲ್ಲಾ ಬಿಗಿ ಇದೆ. ಕೌಂಟರ್ ಮುಂದೆ "ನಮ್ಮೋರೇ ಅಲ್ವಾ" ಅಂತ ಸಡಿಲ ಆಗುತ್ತೆ.

ಅಕ್ಕ ಹೇಳೋ ಪ್ರಕಾರ ಎರಡಿದ್ದದ್ದು ನಾಲ್ಕಾಯ್ತು, ಆಮೇಲೆ ಲೆಕ್ಕ ತಪ್ತು. ಅದರ ಜೊತೆ ನೆಗಡಿ ಮೈಕೈ ನೋವು ಅಂತ ಬೇರೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಮಾತ್ರೆ. ಆ ಕಾಂಬಿನೇಷನ್ ಮಾತ್ರೆಲಿ ಆಗ್ಲೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತೆ, ದೊಡ್ಡೋರಿಗೆ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ಕುಡಿಯೋರಿಗೆ ಅಷ್ಟೂ ಬೇಡ, ಲಿವರ್ ತಡ್ಕೊಳಲ್ಲ. ಕುಡಿತದ ಇನ್ನೊಂದು ಅಪಾಯ ಉಸಿರಿನದು. ಓಪಿಯಾಯ್ಡೂ ಉಸಿರಾಟ ನಿಧಾನ ಮಾಡುತ್ತೆ, ಆಲ್ಕೋಹಾಲೂ ಮಾಡುತ್ತೆ, ಅಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೇನೂ ಮಾಡುತ್ತೆ, ಎರಡು ಸೇರಿದ್ರೇ ಅಪಾಯ, ಮೂರು ಸೇರಿದ್ರೆ ರಾತ್ರಿ ಮಲಗಿದೋರು ಬೆಳಿಗ್ಗೆ ಏಳದೇ ಇರಬಹುದು. ನರದ ನೋವಿಗೆ ಕೊಡೋ ಪ್ರಿಗಾಬಲಿನ್, ಗ್ಯಾಬಪೆಂಟಿನ್‌ನಲ್ಲೂ ಈ ಗುಣ ಇದೆ, ಜೊತೆಗೆ ಕೊಡೋದಾದ್ರೆ ಡಾಕ್ಟ್ರೇ ನೋಡಿ ಕೊಡ್ಬೇಕು. ಟ್ರಮಡಾಲ್‌ಗೆ ಇನ್ನೂ ಒಂದು ಸ್ವಂತ ಬುದ್ಧಿ ಇದೆ, ಡೋಸ್ ಮೀರಿದ್ರೆ ಫಿಟ್ಸ್ ಬರಿಸುತ್ತೆ, ಡಿಪ್ರೆಶನ್‌ಗೆ ಕೊಡೋ ಎಷ್ಟೋ ಮಾತ್ರೆಗಳ ಜೊತೆ ಸೇರಿದ್ರೆ ಮೈ ಬಿಸಿಯಾಗಿ ನಡುಕ ಬಂದು ಗಾಬರಿ ಆಗೋ ಸ್ಥಿತಿಗೆ ತರುತ್ತೆ. ನಮ್ಮೂರಲ್ಲಿ ಬಿಪಿ ಶುಗರ್ ಮಾತ್ರೆ ತಗೊಳ್ಳೋದನ್ನ ಜಂಬದಿಂದ ಹೇಳ್ತಾರೆ, ಮನಸ್ಸಿನ ಮಾತ್ರೆ ತಗೊಳ್ಳೋದನ್ನ ಮಾತ್ರ ಮೂಳೆ ಡಾಕ್ಟ್ರ ಹತ್ರ ಬಾಯೇ ಬಿಡಲ್ಲ. ಕಂಪೌಂಡರ್ ಎದುರಿಗೆ ಹೇಳೋಕೆ ನಾಚಿಕೆ ಆದ್ರೆ ಆ ಶೀಟನ್ನೇ ಕವರಲ್ಲಿ ಹಾಕಿ ಡಾಕ್ಟ್ರ ಟೇಬಲ್ ಮೇಲಿಡಿ, ಅಷ್ಟು ಸಾಕು.

ಅಂಗಡಿಯೋರು ಊರಿಗೆ ಹೋಗಿ ಬಾಗಿಲು ಹಾಕಿದ ವಾರ ಭಾವನಿಗೆ ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರೋದು, ಮೈಯೆಲ್ಲ ಮುಳ್ಳೆದ್ದು ಬೆವರು, ಹೊಟ್ಟೆ ನುಲಿದು ಭೇದಿ. ವೈರಲ್ ಫೀವರ್ ಅಂತ ಕಷಾಯ ಕುಡಿಸಿದ್ರು. ಚಿಕ್ಕಮಗಳೂರಲ್ಲಿ ತೋರಿಸಿದಾಗ ಆ ಡಾಕ್ಟ್ರು "ಯಾವ ಮಾತ್ರೆ ನಿಲ್ಲಿಸಿದ್ರಿ?" ಅಂತ ಮೊದಲ ಪ್ರಶ್ನೇನೇ ಕೇಳಿದ್ರಂತೆ. ಬೈಯ್ಲಿಲ್ಲ, ಸ್ವಲ್ಪ ಸ್ವಲ್ಪಾನೇ ಇಳಿಸೋ ಚೀಟಿ ಬರೆದ್ರು, ಸೊಂಟಕ್ಕೆ ವ್ಯಾಯಾಮ ಹೇಳ್ಕೊಟ್ರು. ತಟ್ಟನೆ ಬಿಡೋದು ಧೈರ್ಯ ಅಲ್ಲ, ಇಳಿಸ್ಕೊಂಡು ಬರೋದೇ ದಾರಿ. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೇ ಡೋಸಲ್ಲೇ ಶುರು ಮಾಡೋದು ಇನ್ನೂ ಅಪಾಯ, ಅಷ್ಟರಲ್ಲಿ ಮೈ ತಾಳಿಕೆ ಕಳ್ಕೊಂಡಿರುತ್ತೆ. ಬಿಡೋಕಾಗ್ತಿಲ್ಲ ಅನ್ನೋರಿಗೆ ಸರ್ಕಾರದ ಸಹಾಯವಾಣಿ 14446 ಇದೆ, ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ.

ಅಷ್ಟೆಲ್ಲ ನುಂಗಿದ್ದರಿಂದ ಸೊಂಟಕ್ಕೇನಾದ್ರೂ ಉಪಕಾರ ಆಯ್ತಾ? ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸೊಂಟ, ಕುತ್ತಿಗೆ ನೋವು ಬಂದೋರಿಗೆ ಒಂದು ಗುಂಪಿಗೆ ಓಪಿಯಾಯ್ಡ್, ಇನ್ನೊಂದು ಗುಂಪಿಗೆ ಔಷಧಿನೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದ್ರು, 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂತು, ಆರು ವಾರಕ್ಕೆ ಎರಡೂ ಗುಂಪಿಗೆ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. ಭಾವನಿಗೆ ಇದನ್ನ ಹೇಳಿದ್ರೆ "ಅವರ ಸೊಂಟ ಬೇರೆ ಬಿಡು ಮಾರಾಯ್ತಿ" ಅಂದ್ರು.

ಮಲೆನಾಡಿಗೆ ಅಂತಲೇ ಹೇಳ್ಬೇಕಾದ ಇನ್ನೊಂದು ಇದೆ. ನುಂಗೋಕಾಗದೋರಿಗೆ ಫೆಂಟನಿಲ್ ಅನ್ನೋ ಓಪಿಯಾಯ್ಡ್ ಇರೋ ಪ್ಯಾಚ್ ಚರ್ಮಕ್ಕೆ ಅಂಟಿಸ್ತಾರೆ, ಒಂದು ಪ್ಯಾಚ್ ಸಾಮಾನ್ಯವಾಗಿ 72 ಗಂಟೆ. ಶಾಖ ತಾಗಿದ್ರೆ ಅದರಿಂದ ಔಷಧಿ ಬೇಗ ಬೇಗ ಮೈಗಿಳಿಯುತ್ತೆ. ನಮ್ಮಲ್ಲಿ ಸ್ನಾನ ಅಂದ್ರೆ ಬಚ್ಚಲ ಹಂಡೆಯಿಂದ ಕುದಿಯೋ ನೀರು ತೋಡ್ಕೊಂಡು ಬೆನ್ನು ಕೆಂಪಗಾಗೋವರೆಗೆ ಹುಯ್ಕೊಳ್ಳೋದು, ಆಮೇಲೆ ಒಲೆ ಮುಂದೆ ಬೆಂಕಿ ಕಾಯಿಸ್ಕೊಂಡು ಕೂರೋದು. ಪ್ಯಾಚ್ ಇರೋವಾಗ ಅದು ಬೇಡ, ಬಿಸಿನೀರಿನ ಚೀಲಾನೂ ಬೇಡ, ಜ್ವರ ಬಂದ್ರೂ ಡಾಕ್ಟ್ರಿಗೆ ಹೇಳಿ. ಹಳೇ ಪ್ಯಾಚಲ್ಲೂ ಔಷಧಿ ಉಳಿದಿರುತ್ತೆ, ಅಂಟು ಒಳಗೆ ಬರೋ ಹಂಗೆ ಮಡಚಿ ಮಕ್ಕಳ ಕೈಗೆ ಸಿಗದಂಗೆ ವಿಲೇವಾರಿ ಮಾಡ್ಬೇಕು. ಡ್ರೈವಿಂಗೂ ಅಷ್ಟೇ, ಶುರು ಮಾಡಿದಾಗ, ಡೋಸ್ ಏರಿಸಿದಾಗ ಸ್ಟಿಯರಿಂಗ್ ಮುಟ್ಬೇಡಿ, ಚಾರ್ಮಾಡಿ ಘಾಟಿಯ ತಿರುವಿಗೆ ನಿಮ್ಮ ಮಂಪರು ಗೊತ್ತಾಗಲ್ಲ.

ಅಪ್ಪ ಹೋದ್ಮೇಲೆ ಬೀರುಲಿ ಬೀಗ ಹಾಕಿಟ್ಟಿದ್ದ ಡಬ್ಬಿಲಿ ಮಾತ್ರೆ ಉಳಿದಿತ್ತು. ತಮ್ಮ ಚೆಕ್‌ರೋಲಿನ ಗೀಟು ಎಣಿಸಿ, ಶೀಟು ಎಣಿಸಿ, ತಾಳೆ ನೋಡಿ, ಹಾಸನಕ್ಕೆ ವಾಪಸ್ ತಗೊಂಡು ಹೋಗಿ ಕೊಟ್ಟ, ಅವರೂ ಎಣಿಸಿ ಬರ್ಕೊಂಡ್ರು. ವಾಪಸ್ ಕೊಡೋಕೆ ಜಾಗ ಇಲ್ಲದೋರು ಇಟ್ಕೊಂಡು ಕೂರೋದೂ ಬೇಡ, ಕಸಕ್ಕೆ ಹಾಕೋದೂ ಬೇಡ. 2025ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 17 ಔಷಧಿಗಳ ಪಟ್ಟಿ ಕೊಟ್ಟು ಇವನ್ನ ಕಕ್ಕಸಿಗೆ ಹಾಕಿ ನೀರು ಬಿಡಿ ಅಂತ ಹೇಳಿದೆ, ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟ್ಯಾಪೆಂಟಡಾಲ್ ಎಲ್ಲಾ ಅದರಲ್ಲಿದೆ.

ತಿಥಿ ಊಟ ಮುಗಿಸ್ಕೊಂಡು ಕೈ ತೊಳೀತಾ ದೊಡ್ಡಪ್ಪ ನನ್ನ ಪಕ್ಕಕ್ಕೆ ಕರೆದು, ಮಂಡಿ ನೋವು ತಡೆಯೋಕಾಗ್ತಿಲ್ಲ, ನಿಮ್ಮಪ್ಪಂದು ಮಾತ್ರೆ ಉಳಿದಿದ್ರೆ ಒಂದೆರಡು ಕೊಡೇ ಅಂದ್ರು. ಅಫೀಮು ಬೇಡ ಅಂತ ಕೂಗಾಡಿದ್ದ ದೊಡ್ಡಪ್ಪನೇ! ಅಪ್ಪನ ಮೈ ತಿಂಗಳುಗಟ್ಲೆ ಒಗ್ಗಿದ ಡೋಸ್ ಅದು, ನಿಮಗೆ ಒಂದೇ ಸಲಕ್ಕೆ ಉಸಿರು ನಿಲ್ಲಿಸಬಹುದು ದೊಡ್ಡಪ್ಪ, ಎಲ್ಲಾ ವಾಪಸ್ ಕೊಟ್ಟಾಯ್ತು ಅಂದೆ. ಮುಖ ಊದಿಸ್ಕೊಂಡ್ರು. ಆಮೇಲೆ ಮೂಳೆ ಡಾಕ್ಟ್ರ ಹತ್ರ ಹೋಗಿ ತೋರಿಸ್ಕೊಂಡು ಬಂದ್ರು, ತೊಡೆ ಗಟ್ಟಿ ಮಾಡೋ ವ್ಯಾಯಾಮ, ಬೇಕಾದಾಗ ಪ್ಯಾರಾಸಿಟಮಾಲ್, ತೂಕ ಇಳಿಸಿ ಅಂತ ಬರೆದಿದಾರೆ. ವ್ಯಾಯಾಮ ಮಾಡ್ತಿದಾರಂತೆ. ತೂಕದ ವಿಷಯ ಎತ್ತಿದ್ರೆ ಫೋನ್ ಇಡ್ತಾರೆ.